ಅತ್ತೆಯ ಅಂಗುಳ

ಅಂಗುಳ ತೀರಾ ಚೆನ್ನಾಗಿತ್ತು. ಬೆಳಿಗ್ಗೆಯಿಂದ ಅವಳನ್ನು ಕೊರೆಯುತ್ತಿದ್ದದ್ದು ಅದೇ. ವಾರಕ್ಕೊಮ್ಮೆ ಮಾಡುವಂತೆ ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, ಟಾರ್ಚು ಹಿಡಿದು, ‘ಆ ಅನ್ನಿ ಅತ್ತೆ’ ಅಂದಿದ್ದಳು. ಅತ್ತೆ ಮೇಲಿನ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದಿದ್ದರು. ಹೋದ ಚಳಿಗಾಲದಲ್ಲಿ, ಸುಟ್ಟ ಗಾಯದಂತೆ ಕೆಂಪಗೆ ಊದಿಕೊಂಡು, ಅಲ್ಲಲ್ಲಿ ಬಿಳಿ ಬೂಷ್ಟು ಹಿಡಿದಿದ್ದ ಜಾಗ ಈಗ ಹಸುಗೂಸಿನ ಬಾಯಿಯಂತೆ ತೆಳು ಗುಲಾಬಿ. ‘ಹೇಗಿದೆಯೇ?’ ಅಂದರು ಅತ್ತೆ. ‘ಫಸ್ಟ್ ಕ್ಲಾಸ್’ ಅಂದು ಅವಳು ಟಾರ್ಚು ಆರಿಸಿದಳು. ಆರಿಸುವ ಮುಂಚೆ ಅವಳ ಕೈ ಒಂದು ಕ್ಷಣ ನಿಂತಿತ್ತು. ದಿನವಿಡೀ ಸೆಟ್ಟು ಕೂರುವ ಅಂಗುಳದ ಮೇಲೆ ಅದರ ಅಂಚಿನ ಗುರುತು ಬೀಳುತ್ತದೆ, ರಾತ್ರಿ ತೆಗೆದಿಟ್ಟರೂ ಬೆಳಗಿನವರೆಗೆ ಸಣ್ಣ ಗೆರೆ ಉಳಿದಿರುತ್ತದೆ, ಸೊಂಟದ ಮೇಲೆ ಲಾಡಿಯ ಗುರುತು ಉಳಿದ ಹಾಗೆ. ವರ್ಷವರ್ಷವೂ ತರಗತಿಯಲ್ಲಿ ನಿಂತು ಅವಳೇ ಹೇಳಿಕೊಡುವ ಪಾಠ ಅದು. ಅತ್ತೆಯ ಅಂಗುಳದ ಮೇಲೆ ಆ ಗೆರೆ ಇರಲಿಲ್ಲ. ಇಲ್ಲದ್ದು ಕಣ್ಣಿಗೇನೋ ಬಿತ್ತು, ತಲೆಗೆ ಹೋಗಲು ಅವಳು ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ದಂತ ಕಾಲೇಜಿನ ನೆಲಮಾಳಿಗೆಯಲ್ಲಿ ಅವಳ ಲ್ಯಾಬು. ಮೇಲಿನ ಮಹಡಿಗಳಲ್ಲಿ ಡ್ರಿಲ್ಲುಗಳ ಸದ್ದು, ರೋಗಿಗಳ ಸಾಲು, ಬಿಳಿ ಕೋಟಿನ ಗಡಿಬಿಡಿ. ಕೆಳಗೆ ಬರುವವರು ಯಾರೂ ಇಲ್ಲ. ಬೂಷ್ಟು ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದು ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ತಟ್ಟೆಯ ತುಂಬ ಕೆನೆ ಕಟ್ಟಿದ ಹಾಗೆ ಬೂಷ್ಟು, ನಡುವೆ ಗಿಡದ ಸಾರ ಕಲೆಸಿದ, ಅಂಗಿಯ ಗುಂಡಿಯಷ್ಟು ಒಂದು ಬಿಲ್ಲೆ, ಬಿಲ್ಲೆಯ ಸುತ್ತ ಬೂಷ್ಟು ಕಾಲಿಡದ ಉಂಗುರ. ಆ ಉಂಗುರಕ್ಕಾಗಿಯೇ ಅವಳ ಇಷ್ಟು ವರ್ಷದ ದುಡಿಮೆ. ಕಟ್ಟಿಸಿದ ಹಲ್ಲಿನ ಕೆಳಗೆ, ಗಾಳಿ ಬೆಳಕು ಇಲ್ಲದ ಕಡೆ ಬೂಷ್ಟು ಬೆಳೆಯುತ್ತದೆ. ಔಷಧಿ ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಹಾಗಾದರೆ ಸೆಟ್ಟಿನ ಒಳಮೈಗೆ ಹಾಕುವ ಮೆತ್ತನೆಯ ಪದರದಲ್ಲೇ ಗಿಡದ ಸಾರ ಕಲೆಸಿಬಿಟ್ಟರೆ? ಮೊದಲು ಸೀಬೆ ಎಲೆ ಕುದಿಸಿದಳು, ಉಂಗುರ ಬೀಳಲೇ ಇಲ್ಲ. ಲವಂಗ ಹಾಕಿದಳು, ಬಿತ್ತು ಅಂದರೆ ಬಿತ್ತು, ಇಲ್ಲ ಅಂದರೆ ಇಲ್ಲ. ನೆಲಮಾಳಿಗೆಯಿಂದ ಮೆಟ್ಟಿಲಿಗೆ ಏರಿಬರುವ ವಾಸನೆ ಹಿಡಿದು ಯಾರೋ ಅವಳಿಗೆ ‘ಕಷಾಯ ಮೇಡಂ’ ಅಂತ ಹೆಸರಿಟ್ಟರು. ಅವಳಿಗಿಂತ ಚಿಕ್ಕವರು ಬಡ್ತಿ ಪಡೆದು ಮೇಲಿನ ಮಹಡಿಗೆ ಹೋದರು. ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ನೆಗಡಿಯಾದರೆ ‘ಮೇಡಂ, ನಮಗೊಂದು ಲೋಟ’ ಅಂತ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ನಕ್ಕು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಿಂತುಕೊಳ್ಳುತ್ತಿದ್ದಳು. ಆಮೇಲೆ ಚಕ್ಕೆಯ ಎಣ್ಣೆ. ಎಂಥ ಉಂಗುರ! ಎಣ್ಣೆಯನ್ನು ಇಮ್ಮಡಿ ಮಾಡಿದಳು, ಉಂಗುರ ಇನ್ನೂ ಅಗಲವಾಯಿತು. ಇಷ್ಟು ಎಣ್ಣೆ ಬಾಯೊಳಗೆ ಏನು ಮಾಡೀತು ಅಂತ ಆ ಹೊತ್ತಿನಲ್ಲಿ ಒಂದು ಸಲವೂ ಹೊಳೆಯಲಿಲ್ಲವೇ? ಹೊಳೆದಿತ್ತು. ತಟ್ಟೆಗೆ ನಾಲಗೆ ಇಲ್ಲ, ಅದು ಉರಿ ಅನ್ನುವುದಿಲ್ಲ. ಅಗಲವಾದ ಉಂಗುರ ನೋಡುತ್ತ ಕೂತವಳಿಗೆ ಬೇರೆ ಏನೂ ಬೇಡವಾಗಿತ್ತು.

ವಿಭಾಗದ ಮುಖ್ಯಸ್ಥರು ಕರೆಸಿದರು. ಅವರ ಕೋಣೆಯಲ್ಲಿ ಕೂತು ಮಾತಾಡುವ ಯೋಗ ಅವಳಿಗೆ ಬಂದದ್ದೇ ಕಡಿಮೆ, ಎಲ್ಲವೂ ಬಾಗಿಲಲ್ಲಿ ನಿಂತೇ ಮುಗಿಯುತ್ತಿತ್ತು. ಇವತ್ತು ಅವರೇ ಎದ್ದು ಕುರ್ಚಿ ತೋರಿಸಿದರು.

‘ಬನ್ನಿ ಬನ್ನಿ ಮೇಡಂ, ಕೂತ್ಕೊಳ್ಳಿ.’ ಕಷಾಯ ಬಿಟ್ಟು ಬರೀ ಮೇಡಂ. ‘ಮಧ್ಯಾಹ್ನದ ಮೇಲೆ ಪ್ರಯೋಗದ ಅನುಮತಿ ಸಮಿತಿ ಕೂರುತ್ತೆ, ನಿಮ್ಮದೇ ಮೊದಲು. ಹಿರಿಯರ ಮನೆಯವರ ಹತ್ರ ಮಾತಾಡಿದೀನಿ. ಅಲ್ಲಿ ಸೆಟ್ಟು ಹಾಕೋರೆಲ್ಲರಿಗೂ ನಿಮ್ಮ ಪದರ ಹಾಕಿ ನೋಡೋಣ. ನನಗೆ ಒಂದೇ ಒಂದು ಬೇಕು, ನಿಮ್ಮ ಅತ್ತೆಯವರ ಬಾಯಿದು ಇವತ್ತಿನ ಫೋಟೋ. ಹಳೇದು ಹೇಗೂ ಇದೆ. ಎರಡೂ ಪಕ್ಕಪಕ್ಕ ಇಟ್ರೆ ಯಾರೂ ಉಸಿರೆತ್ತೋಲ್ಲ.’

‘ಒಂದೇ ಬಾಯಿ ಸರ್…’

‘ಒಂದೇ ಆದ್ರೇನ್ರೀ, ಮನೆಯವರ ಬಾಯಿ. ಹೊರಗಿನವರಾದ್ರೆ ಹಾಕ್ಕೊಂಡ್ರೋ ಬಿಟ್ರೋ ಯಾರಿಗೆ ಗೊತ್ತು? ಇವರು ನಿಮ್ಮ ಕಣ್ಣೆದುರಿಗೇ ಇರೋರು.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತನ್ನಷ್ಟಕ್ಕೆ ಕೊರಳಿಗೆ ಹೋಯಿತು. ಈಗ ಹೇಳಬಹುದಿತ್ತು. ಸರ್, ಇವತ್ತು ಬೆಳಿಗ್ಗೆ ಒಂದು ಅನುಮಾನ ಬಂದಿದೆ, ಅಂಚಿನ ಗುರುತಿಲ್ಲ, ಒಂದು ವಾರ ತಡೆಯೋಣ. ಹೇಳಿದ್ದರೆ ಇವರು ಮತ್ತೆ ಆ ಹೆಸರು ಹಿಡಿದು ಕರೆಯುತ್ತಿದ್ದರು, ಅಷ್ಟೇ. ‘ಮನೆಗೆ ಹೋಗಿ ಫೋಟೋ ತರ್ತೀನಿ ಸರ್’ ಅಂದು ಎದ್ದಳು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು ಪುಣ್ಯಾತ್ಮ, ಆ ಮರ್ಯಾದೆಯೂ ಚೆನ್ನಾಗಿಯೇ ಇತ್ತು.

ಮಧ್ಯಾಹ್ನದ ಬಸ್ಸು ಖಾಲಿ. ಕಿಟಕಿಯ ಪಕ್ಕ ಕೂತವಳಿಗೆ ಅತ್ತೆಯನ್ನು ಮೊದಲ ಸಲ ಕೇಳಿದ ಸಂಜೆ ನೆನಪಾಯಿತು. ಕೇಳಿದ್ದು ಅಂದರೆ ಏನು, ಆ ಮನೆಗೆ ಬಂದ ಮೇಲೆ ಅತ್ತೆಯನ್ನು ಅವಳು ಏನಾದರೂ ಕೇಳಿದ್ದೇ ಅದೊಂದು ಸಲ. ಜಗಳ ಇರಲಿಲ್ಲ. ಜಗಳ ಆಡುವಷ್ಟು ಸಲಿಗೆಯೂ ಇರಲಿಲ್ಲ. ಅತ್ತೆ ಅಡುಗೆಮನೆಗೆ ಬಂದರೆ ‘ಬೇಡ ಅತ್ತೆ, ನೀವು ಕೂತ್ಕೊಳ್ಳಿ’, ಬಟ್ಟೆ ಮಡಿಸಲು ಬಂದರೆ ‘ಬೇಡ ಅತ್ತೆ, ನಾನೇ ಮಾಡ್ತೀನಿ’. ಜ್ವರ ಬಂದು ಮಲಗಿದಾಗಲೂ ಗಂಜಿ ಕಾಯಿಸಲು ತನ್ನ ತಾಯಿಯನ್ನು ಕರೆಸಿಕೊಂಡಿದ್ದಳು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಬೀಗಿತ್ತಿಯನ್ನು ‘ಉಪ್ಪಿನ ಡಬ್ಬಿ ಸಿಕ್ತಾ?’ ಅಂತ ಕೇಳಿ ಹೋಗಿದ್ದರು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ನಿವೃತ್ತರಾದ ಹೆಂಗಸು ಅದು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ, ಸೀಟು ಸಿಗುತ್ತಾ, ಮಗುವಿಗೆ ಟಿಕೆಟ್ ಬೇಕಾ, ಊರೆಲ್ಲ ಕೇಳುತ್ತಿತ್ತು, ಅತ್ತೆ ಹೇಳುತ್ತಿದ್ದರು. ಮನೆಯಲ್ಲಿ ಕೇಳುವವರಿರಲಿಲ್ಲ. ಆ ಸಂಜೆ ಅವಳು ಹಿಂಜರಿಯುತ್ತ, ‘ನಿಮ್ಮ ಸೆಟ್ಟನ್ನೇ ಒಳಗಡೆ ಉಜ್ಜಿ ನನ್ನ ಪದರ ಹಾಕಿ ನೋಡ್ಲಾ ಅತ್ತೆ?’ ಅಂದಾಗ ಮುದುಕಿಯ ಮುಖ ಅರಳಿದ್ದನ್ನು ಅವಳು ಗಮನಿಸಿದ್ದಳು. ಒಳ್ಳೆಯದಾಯಿತು, ಒಪ್ಪಿಕೊಂಡರು ಅಂತಷ್ಟೇ ಅಂದುಕೊಂಡಿದ್ದಳು. ‘ನನ್ನ ಬಾಯಾ? ಅದಕ್ಕೇನಂತೆ, ಜೀವಮಾನವೆಲ್ಲ ಬಸ್ಸಿನ ಹೊತ್ತು ಹೇಳಿ ಸವೆದ ಬಾಯಿ. ನಿನ್ನ ಓದಿಗಾದ್ರೂ ಬರ್ಲಿ’ ಅಂದಿದ್ದರು. ಮಾರನೆಯ ದಿನವೇ ಕೆಳಗಿನ ಅಂಗಳದ ಬೆಂಚಿನಲ್ಲಿ ಸೇರುವ ಹೆಂಗಸರಿಗೆಲ್ಲ ಸುದ್ದಿ: ನಮ್ಮ ಸೊಸೆ ಹೊಸದೊಂದು ಕಂಡುಹಿಡಿದಿದಾಳೆ, ಎಲ್ಲಿ ಗೊತ್ತಾ, ಇಲ್ಲಿ, ಅಂತ ಬಾಯಿ ತೆರೆದು ಬೆರಳಿಟ್ಟು ತೋರಿಸಿದರಂತೆ.

ಆಮೇಲಿನದೂ ನೆನಪಾಯಿತು, ಬೇಡವೆಂದರೂ. ಒಂದು ಬೆಳಿಗ್ಗೆ ಬಾಯಿ ಪರೀಕ್ಷೆ ಮುಗಿಸಿ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದಾಗ ಬೆನ್ನ ಹಿಂದಿನಿಂದ ಅತ್ತೆ, ‘ಸ್ವಲ್ಪ ಉರಿ ಕಣೆ’ ಅಂದಿದ್ದರು. ಅವಳು ತಿರುಗಿ ನೋಡದೆ, ‘ಹೊಸ ಚಪ್ಪಲಿ ಕಚ್ಚೋಲ್ವಾ ಅತ್ತೆ? ಹಾಗೇ ಇದೂನೂ. ನಾಲ್ಕು ದಿನ, ಅಷ್ಟೇ’ ಅಂದಿದ್ದಳು. ಎಷ್ಟು ಚೆನ್ನಾಗಿ ಹೇಳಿದೆ ಅಂತ ತನ್ನ ಮಾತಿಗೆ ತಾನೇ ಮೆಚ್ಚಿಕೊಂಡದ್ದೂ ಈಗ ನೆನಪಿದೆ, ಥೂ. ಅತ್ತೆ ಮತ್ತೆ ಉರಿಯ ಸುದ್ದಿ ಎತ್ತಲಿಲ್ಲ. ಅಂಗಳಕ್ಕೆ ಇಳಿಯುವುದನ್ನು ಬಿಟ್ಟರು, ಮಂಡಿನೋವು ಅಂದರು. ಇಷ್ಟಪಟ್ಟು ತಿನ್ನುತ್ತಿದ್ದ ಹುರಿದ ಕಡಲೆಬೀಜದ ಪೊಟ್ಟಣ ಮಗ ತಂದಿಟ್ಟರೆ, ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಅಂತ ನಗಾಡಿ ಪಕ್ಕಕ್ಕೆ ಸರಿಸಿದರು; ಹಲ್ಲಿತ್ತಲ್ಲ ಅಂತ ಯಾರೂ ಕೇಳಲಿಲ್ಲ. ಕನ್ನಡಕ ಮೂಗಿನಿಂದ ಜಾರತೊಡಗಿತು, ಅದಕ್ಕೆ ದಾರ ಕಟ್ಟಿಕೊಂಡರು. ‘ಅಮ್ಮ ಯಾಕೋ ಇಳಿದುಹೋಗಿದಾಳೆ’ ಅಂದ ಗಂಡನಿಗೆ ‘ವಯಸ್ಸಲ್ವಾ’ ಅಂದಿದ್ದಳು. ವಾರವಾರವೂ ಟಾರ್ಚು ಹಾಕಿ ಆ ಬಾಯೊಳಗೆ ಇಣುಕಿದವಳು ಆ ಮುಖವನ್ನು ನೋಡಿದ್ದು ಯಾವಾಗ? ಇಳಿಯುವ ಸ್ಟಾಪು ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ಬಿಸಿಲಿನಲ್ಲಿ ನಡೆದು ಬಂದಳು.

ತನ್ನ ಬೀಗದ ಕೈಯಿಂದ ಬಾಗಿಲು ತೆರೆದಳು. ಅತ್ತೆ ಊಟದ ಮೇಜಿನ ಮುಂದೆ ಕೂತು ಬಟ್ಟಲಿನ ಹಾಲಿಗೆ ಬ್ರೆಡ್ಡು ಮುರಿದು ಹಾಕಿ, ಬೆರಳಿನಿಂದ ಒತ್ತಿ ಒತ್ತಿ ನೆನೆಸುತ್ತಿದ್ದರು. ಸೊಸೆಯನ್ನು ಕಂಡು ಎಡಗೈ ಬಾಯಿಯನ್ನು ಮುಚ್ಚಿತು. ಕೈಯ ಎರಡೂ ಕಡೆ ಕೆನ್ನೆ ಒಳಕ್ಕೆ ಹೋಗಿತ್ತು, ಯಾರೋ ಅಪರಿಚಿತ ಮುದುಕಿ ತನ್ನ ಮನೆಯಲ್ಲಿ ಕೂತಿರುವಂತೆ ಅವಳಿಗೆ ಕಂಡಿತು.

‘ಇದೇನೇ, ಇಷ್ಟು ಬೇಗ?’ ಅಂದರು, ಕೈಯ ಹಿಂದಿನಿಂದ.

‘ಸೆಟ್ಟೆಲ್ಲಿ ಅತ್ತೆ?’

‘ಈಗಷ್ಟೇ ತೆಗೆದೆ. ಊಟ ಮಾಡೋಣ ಅಂತ.’

ಊಟ ಮಾಡಲು ಹಲ್ಲು ತೆಗೆದಿಟ್ಟವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ಅತ್ತೆಗೂ ತಾವು ಹೇಳಿದ್ದು ಕೇಳಿಸಿತು. ನಗು ಬಂತು, ಕೈಯನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡರು. ಕಪಾಟಿನ ಮೇಲೆ, ಸಕ್ಕರೆ ಡಬ್ಬಿಯ ಹಿಂದೆ, ಕರವಸ್ತ್ರದಲ್ಲಿ ಸುತ್ತಿಟ್ಟ ಸೆಟ್ಟನ್ನು ಅವಳೇ ಹುಡುಕಿ ತೆಗೆದಳು. ಒಣಗಿತ್ತು. ಇಷ್ಟು ತಿಂಗಳಲ್ಲಿ ಚಹದ ಒಂದು ಕಲೆಯೂ ಇಲ್ಲ. ಒಣಗಿದ ಸೆಟ್ಟಿನ ಮೇಲೆ ಬೂಷ್ಟು ಎಲ್ಲಿಂದ ಬರಬೇಕು? ಖಾಲಿ ಬಿಟ್ಟ ಅಂಗುಳ ತಾನಾಗಿಯೇ ವಾಸಿಯಾಗದೆ ಏನು ಮಾಡೀತು? ಎಲೆ ಬೇಡ, ಎಣ್ಣೆ ಬೇಡ, ಅವಳೂ ಬೇಡ.

‘ಯಾವಾಗಿನಿಂದ?’

‘ಬಯ್ಯಬೇಡ ಮತ್ತೆ.’

‘ಬಯ್ಯೋಲ್ಲ. ಹೇಳಿ.’

‘ನೀನು ಚಪ್ಪಲಿ ಅಂದೆ ನೋಡು, ಅದಾದ ಮೇಲೂ ಹಾಕ್ಕೊಂಡೆ. ನನ್ನಾಣೆಗೂ ಹಾಕ್ಕೊಂಡೆ. ಬಾಯಲ್ಲಿ ಕೆಂಡ ಇಟ್ಕೊಂಡ ಹಾಗೆ ಕಣೆ. ನೀರು ಕುಡಿದ್ರೂ ಉರಿ. ಆಮೇಲೆ ನೀನು ಬೆಳಿಗ್ಗೆ ಹೊರಡೋವರೆಗೆ ಹಾಕ್ಕೊಳ್ಳೋದು, ಸಂಜೆ ಬಾಗಿಲ ಸದ್ದಾದ್ರೆ ಹಾಕ್ಕೊಳ್ಳೋದು. ಅಷ್ಟು ಹೊತ್ತು ತಡ್ಕೋಬಹುದು, ದೊಡ್ಡ ವಿಷಯ ಅಲ್ಲ.’

‘ಹೇಳಬಾರದಿತ್ತಾ ಅತ್ತೆ?’

‘ಹೇಳಿದ್ನಲ್ಲೇ.’

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಬಸ್ಸು ಆಗಲೇ ಹೊರಟುಹೋಯಿತು ಅಂತ ಕೌಂಟರಿನಿಂದ ಹೇಳುವ ಹಾಗೆ ಹೇಳಿದರು. ಅವಳು ಕುರ್ಚಿ ಎಳೆದು ಕೂತಳು. ಅಳು ಬರಬೇಕಿತ್ತು, ಬರಲಿಲ್ಲ. ಮೊದಲು ಬಂದದ್ದು ಸಿಟ್ಟು, ಅದೂ ಅತ್ತೆಯ ಮೇಲೆ. ಇವರು ಇನ್ನೊಂದು ಸಲ, ಒಂದೇ ಒಂದು ಸಲ, ಗಟ್ಟಿಯಾಗಿ ಹೇಳಿದ್ದರೆ? ಇಷ್ಟು ಒಳ್ಳೆಯವರಾಗಿ ಅಂತ ಇವರಿಗೆ ಹೇಳಿದವರ್ಯಾರು? ಅತ್ತೆ ಬಾಯಿಯ ಮೇಲಿನ ಕೈ ತೆಗೆದರು. ‘ನೀನು ನನ್ನ ಬಾಯಿ ನೋಡಿ ಎಷ್ಟು ಖುಷಿ ಪಡ್ತಿದ್ದೆ ಗೊತ್ತಾ? ಕಾಲೇಜಿನಿಂದ ಬಂದೋಳು ಚೀಲ ಇಡೋಕೆ ಮುಂಚೆ ನನ್ನ ಹತ್ರ ಬರ್ತಿದ್ದೆ. ಮದುವೆಯಾಗಿ ಇಷ್ಟು ವರ್ಷಕ್ಕೆ. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ. ಬ್ರೆಡ್ಡು ಹಾಲು ಏನು ವಿಷವಾ? ಮಕ್ಕಳು ತಿನ್ನೋಲ್ವಾ?’

ಅವಳು ಸೆಟ್ಟನ್ನು ತಿರುಗಿಸಿ, ಒಳಮೈಯನ್ನು ತನ್ನ ತುಟಿಯ ಒಳಗೆ, ಒಸಡಿನ ಮೇಲೆ ಒತ್ತಿ ಹಿಡಿದಳು. ‘ಥೂ, ಥೂ, ಎಂಜಲು! ಹುಚ್ಚು ಹಿಡೀತೇನೇ ನಿನಗೆ?’ ಅಂತ ಅತ್ತೆ ಕೈ ಹಿಡಿದು ಎಳೆದರು. ಬಿಡಲಿಲ್ಲ. ಮೊದಲು ಬೇಕರಿಯ ಬಾಗಿಲಲ್ಲಿ ನಿಂತಂಥ ಸಿಹಿ ವಾಸನೆ. ಆಮೇಲೆ ಬಿಸಿ. ಆಮೇಲೆ ಉರಿ, ಮೇಲಿನ ತುಟಿಯಿಂದ ಮೂಗಿನ ಬುಡದವರೆಗೆ, ಕಣ್ಣಲ್ಲಿ ನೀರು ತುಂಬುವ ಹಾಗೆ. ತೆಗೆದು, ಬಾಯಿ ಮುಕ್ಕಳಿಸಿದಳು. ಎಷ್ಟು ಸುಲಭವಾಗಿತ್ತು ಇದು. ಯಾವ ದಿನ ಬೇಕಾದರೂ, ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ ಒಂದು ಬಿಲ್ಲೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡಿದ್ದರೆ ಸಾಕಿತ್ತು.

ಫೋನು ರಿಂಗಾಯಿತು. ಮುಖ್ಯಸ್ಥರು.

‘ಫೋಟೋ ಆಯ್ತಾ ಮೇಡಂ? ಸಮಿತಿಯವರು ಬರ್ತಾ ಇದಾರೆ. ಅಂದಹಾಗೆ ಅತ್ತೆಯವರಿಗೆ ಒಂದ್ನಿಮಿಷ ಕೊಡಿ. ಅವರ ಬಾಯಿಂದಲೇ ಕೇಳಿದೆ ಅಂತ ಹೇಳಿದ್ರೆ ಅದರ ತೂಕವೇ ಬೇರೆ.’

ಅವರ ದನಿ ದೊಡ್ಡದು, ಅತ್ತೆಗೆ ಎಲ್ಲ ಕೇಳಿಸಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸಿಂಕಿನ ಬಳಿ ಇದ್ದರು. ಸೆಟ್ಟನ್ನು ನಲ್ಲಿಗೆ ಹಿಡಿದು, ಬಾಯಿಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಕೆನ್ನೆ ತುಂಬಿಕೊಂಡಿತು, ಬೆಳಗಿನ ಅತ್ತೆ ಮರಳಿ ಬಂದರು. ‘ತಾ ಇಲ್ಲಿ’ ಅಂತ ಫೋನು ತೆಗೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಊರೆಲ್ಲ ಕೇಳಿಸಿಕೊಂಡಿದ್ದ ಆ ದನಿಯಲ್ಲಿ, ‘ನಮಸ್ಕಾರ ಸರ್. ಚೆನ್ನಾಗಿದೀನಿ ಸರ್. ತೊಂದರೆಯಾ? ಒಂಚೂರೂ ಇಲ್ಲ. ಬಾಯಲ್ಲಿ ಇದೆ ಅಂತಲೇ ಗೊತ್ತಾಗೋಲ್ಲ. ಕಡಲೆಬೀಜ ತಿಂತೀನಿ ಸರ್, ಕಟಕಟ ಅಂತ’ ಅಂದರು. ಕನ್ನಡಕದ ಹಿಂದೆ ನೀರು ತುಂಬಿ ಕೆನ್ನೆಗಿಳಿಯುತ್ತಿತ್ತು. ದನಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಅವಳು ಫೋನು ಕಿತ್ತುಕೊಂಡಳು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು: ಸರ್, ಅದು ಉರಿಯುತ್ತೆ. ಎಣ್ಣೆ ಜಾಸ್ತಿ ಹಾಕಿದ್ದು ನಾನು. ಇವರು ಹೇಳಿದ್ರು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆದರೆ ಹೊರಬಂದದ್ದು ಬೇರೆ.

‘ಸರ್, ನಮ್ಮತ್ತೆ ಸುಳ್ಳು ಹೇಳ್ತಿದಾರೆ. ಇವರು ಸೆಟ್ಟು ಹಾಕ್ಕೊಂಡೇ ಇರಲಿಲ್ಲ. ನನಗೂ ಹೇಳದೆ ತೆಗೆದಿಡ್ತಿದ್ರು.’

ಆ ಕಡೆಯಿಂದ ಒಂದು ನಿಟ್ಟುಸಿರು. ‘ಅಯ್ಯೋ, ವಯಸ್ಸಾದವರ ಹಣೆಬರಹವೇ ಇಷ್ಟು ಮೇಡಂ. ಒಂದು ಮಾತು ಕೇಳೋಲ್ಲ. ನೀವೇನು ಮಾಡ್ತೀರಿ, ನಿಮ್ಮ ತಪ್ಪಲ್ಲ ಬಿಡಿ.’

‘ಹೌದು ಸರ್’ ಅಂದಳು.

‘ಫೋಟೋ ಬೇಡ. ತಟ್ಟೆಗಳು ಇದಾವಲ್ಲ, ಅದನ್ನೇ ತೋರಿಸ್ತೀನಿ. ಹಿರಿಯರ ಮನೇಲಿ ಈ ಕಾಟ ಇರೋಲ್ಲ, ನರ್ಸ್ ಇರ್ತಾರೆ, ತೆಗೆಯೋಕೆ ಬಿಡೋಲ್ಲ. ಶುರು ಮಾಡೋಣ. ಏನಂತೀರಿ?’

ಏನನ್ನಬೇಕು ಅಂತ ಅವಳಿಗೆ ಗೊತ್ತಿತ್ತು. ತುಟಿಯ ಒಳಗೆ ಇನ್ನೂ ಉರಿ ಇತ್ತು. ‘ಆಯ್ತು ಸರ್’ ಅಂದಳು, ಅವರು ಫೋನು ಇಟ್ಟುಬಿಟ್ಟರು.

ಅತ್ತೆ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಹಿಡಿದುಕೊಂಡಿದ್ದರು. ಸುಳ್ಳು ಅಂದದ್ದು ಕೇಳಿಸಿತ್ತು, ಕೇಳಿಸದೆ ಇರುತ್ತದೆಯೇ. ಅವಳು ತಲೆ ಎತ್ತಲಿಲ್ಲ. ‘ಇನ್ನು ಬಯ್ಯೋಲ್ಲ ತಾನೇ ನಿನ್ನ?’ ಅಂದರು ಅತ್ತೆ. ಇಲ್ಲ ಅಂತ ತಲೆಯಾಡಿಸಿದಳು. ‘ಸದ್ಯ. ಒಳ್ಳೇ ಕೆಲಸ ಮಾಡ್ದೆ, ನನ್ನ ಮೇಲೆ ಹಾಕಿದ್ದು. ನನಗೇನು, ನಾಳೆ ಬೆಳಿಗ್ಗೆ ಎದ್ದು ಅವರ ಮುಖ ನೋಡೋಳು ನಾನಲ್ಲವಲ್ಲ.’ ಅತ್ತೆಗೆ ನಿಜವಾಗಿಯೂ ಸಮಾಧಾನವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಅವಳು ಆ ಮುಖವನ್ನು ನೋಡಿದಳು, ಗುಳಿಬಿದ್ದ ಕೆನ್ನೆ, ದಾರ ಕಟ್ಟಿದ ಕನ್ನಡಕ, ಒದ್ದೆ ರೆಪ್ಪೆ, ಎಲ್ಲವನ್ನೂ. ಕೈಯಲ್ಲಿ ಫೋನಿತ್ತು, ಪರದೆಯ ಮೇಲೆ ಮುಖ್ಯಸ್ಥರ ನಂಬರಿತ್ತು, ಹೆಬ್ಬೆರಳು ಅದರ ಹತ್ತಿರವೇ ಇತ್ತು. ಸಮಿತಿ ಕೂರಲು ಇನ್ನೂ ಹೊತ್ತಿದೆ. ಈಗಲೇ ಮಾಡಬಹುದು. ಕಷಾಯ ಮೇಡಂ ಅಂದರೆ ಅನ್ನಲಿ, ಅನ್ನಿಸಿಕೊಂಡು ರೂಢಿಯಾಗಿದೆ. ಹಾಗೆ ಅಂದುಕೊಳ್ಳುತ್ತಲೇ ಕೂತಳು. ಪರದೆ ತಾನಾಗಿ ಆರಿತು.

ಅತ್ತೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ತುತ್ತು ಬಾಯಿಗಿಟ್ಟು, ಏನೋ ಹೊಳೆದವರಂತೆ ತಡೆದರು.

‘ಅಲ್ಲಾ ಕಣೆ, ಆ ಹಿರಿಯರ ಮನೇಲಿ ಯಾರಿಗಾದ್ರೂ ಉರಿ ಆಯ್ತು ಅಂತಿಟ್ಕೋ. ಅವರು ಯಾರಿಗೆ ಹೇಳ್ಬೇಕು?’

‘ನನಗೆ,’ ಅಂದಳು ಅವಳು. ‘ನನಗೇ ಹೇಳ್ಬೇಕು ಅತ್ತೆ.’

ಅತ್ತೆ ತಲೆ ತಗ್ಗಿಸಿ, ಬ್ರೆಡ್ಡು ಸರಿಯಾಗಿ ನೆನೆದಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿದರು.